ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ, ಅಂದರೆ ಜನವಿರಳ ಒಳನಾಡಿನಲ್ಲಿ, ಕ್ಯಾಂಪ್‌ಫೈರ್ ಹಾಕುವಾಗ ಯಾವ ನಿಯಮ, ಯಾವ ಮರ್ಯಾದೆ ಪಾಲಿಸಬೇಕು?

ಜುಲೈ ತಿಂಗಳಲ್ಲಿ ಎರಡು ಕುಟುಂಬಗಳು ಮಕ್ಕಳೊಂದಿಗೆ ಅಡಿಲೇಡ್‌ನಿಂದ ಹೊರಟು, ಫ್ಲಿಂಡರ್ಸ್ ರೇಂಜಸ್ ಬೆಟ್ಟಸಾಲು ನೋಡಿಕೊಂಡು, ಊಡ್ನಡಾಟಾ ಟ್ರ್ಯಾಕ್ ಎಂಬ ಕಚ್ಚಾರಸ್ತೆ ಹಿಡಿದು ಉತ್ತರಕ್ಕೆ ಹೋಗುವವರಿದ್ದೀರಿ. ರಾತ್ರಿ ಎಲ್ಲಿ ಬೇಕಾದರೂ ಬೆಂಕಿ ಹಾಕಬಹುದೇ, ಸೌದೆಯನ್ನು ಅಲ್ಲೇ ಆರಿಸಿಕೊಳ್ಳಬಹುದೇ, ನೀರು ಉಳಿಸಲು ಮಲಗುವ ಮುನ್ನ ಮರಳು ಮುಚ್ಚಿದರೆ ಸಾಕೇ, ಹತ್ತಿರದಲ್ಲಿ ಬೇರೆಯವರು ತಂಗಿದ್ದರೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಅಡಿಲೇಡ್‌ನಲ್ಲಿ ನೆಲೆಸಿ, ಚಳಿಗಾಲದ ರಜೆಗಳಲ್ಲಿ ಆ ದಾರಿಗಳಲ್ಲಿ ಓಡಾಡಿದವನಾಗಿ ಉತ್ತರಿಸುತ್ತಿದ್ದೇನೆ. ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮಕ್ಕಳಿಗೆ ಹೆಚ್ಚಿನ ಅಪಾಯವಿರುವುದು ಅಲ್ಲಿಯೇ.

ದಯವಿಟ್ಟು ಮರಳು ಮುಚ್ಚಬೇಡಿ. ಮರಳು ಎಳೆದರೆ ಜ್ವಾಲೆ ಕಾಣದಾಗುತ್ತದೆಯೇ ಹೊರತು ಕೆಂಡ ಆರುವುದಿಲ್ಲ. ಮರಳಿನ ಪದರವು ಶಾಖವನ್ನು ಒಳಗೇ ಹಿಡಿದಿಟ್ಟುಕೊಂಡು, ಎಂಟು ಗಂಟೆ ಕಳೆದ ಮೇಲೂ ಚರ್ಮ ಸುಡುವಷ್ಟು ಬಿಸಿಯಾಗಿಯೇ ಉಳಿದಿರುತ್ತದೆ. ಬೆಳಗ್ಗೆ ಟೆಂಟ್‌ನಿಂದ ಬರಿಗಾಲಿನಲ್ಲಿ ಓಡಿಬರುವ ಮಗುವಿಗೆ ಅದು ಆಟವಾಡಲು ತಕ್ಕ ಮರಳಗುಡ್ಡೆ ಮಾತ್ರ. ಇಲ್ಲಿನ ಆಸ್ಪತ್ರೆಗಳ ಸುಟ್ಟಗಾಯದ ವಿಭಾಗಗಳ ವೈದ್ಯರು ಉರಿಯುವ ಬೆಂಕಿಯಷ್ಟೇ, ಹಿಂದಿನ ರಾತ್ರಿಯ ಈ ಬೂದಿ ಮುಚ್ಚಿದ ಕೆಂಡದ ಬಗ್ಗೆಯೂ ಎಚ್ಚರಿಸುತ್ತಾರೆ. ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿಯಿರಿ. ಹಬೆ ನಿಂತ ಮೇಲೆ ಮುಂಗೈಯನ್ನು ಬೂದಿಯ ಹತ್ತಿರ ಹಿಡಿದು ನೋಡಿ, ಬಿಸಿ ತಾಕಿದರೆ ಇನ್ನೂ ಆರಿಲ್ಲವೆಂದು ತಿಳಿಯಿರಿ.

ಅಷ್ಟು ನೀರು ಎಲ್ಲಿಂದ ತರುವುದು ಎಂಬ ನಿಮ್ಮ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಿರುವುದು ಬೆಂಕಿಯ ಗಾತ್ರದಲ್ಲಿ. ಮೊರದಗಲದ ಬೆಂಕಿ ಎರಡು ಕುಟುಂಬಗಳಿಗೆ ಧಾರಾಳವಾಗಿ ಸಾಕು. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿದರೆ ಉಳಿಯುವುದು ಬೊಗಸೆಯಷ್ಟು ಕೆಂಡ, ಅದನ್ನು ಆರಿಸಲು ಪಾತ್ರೆ ತೊಳೆದು ಬಕೆಟ್ಟಿನಲ್ಲಿ ಎತ್ತಿಟ್ಟ ನೀರೇ ಆದೀತು. ಆಳೆತ್ತರ ಉರಿಸಿ ಫೋಟೊ ತೆಗೆಯುವ ಆಸೆಯಿದ್ದರೆ, ಅದನ್ನು ಆರಿಸುವಷ್ಟು ಕುಡಿಯುವ ನೀರನ್ನೂ ಕಳೆದುಕೊಳ್ಳಲು ಸಿದ್ಧರಿರಬೇಕು.

ಒಂದು ವೇಳೆ ಯಾರಾದರೂ ಸುಟ್ಟುಕೊಂಡರೆ, ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ತಡವಾದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ಟೂತ್‌ಪೇಸ್ಟ್, ಅರಿಶಿನ, ತುಪ್ಪ ಯಾವುದನ್ನೂ ಹಚ್ಚಬೇಡಿ. ನಮ್ಮ ಮನೆಗಳ ಹಿರಿಯರ ಸಲಹೆಯನ್ನು ಇದೊಂದು ವಿಷಯದಲ್ಲಿ ಬದಿಗಿಡುವುದೇ ಸರಿ. ತುರ್ತು ಕರೆಯ ಸಂಖ್ಯೆ 000. ಆದರೆ ಊಡ್ನಡಾಟಾ ಟ್ರ್ಯಾಕ್‌ನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಸ್ಯಾಟಲೈಟ್ ಫೋನನ್ನೋ ಅಪಾಯದ ಸಂಕೇತ ಕಳಿಸುವ ತುರ್ತು ಬೀಕನ್ನನ್ನೋ ಬಾಡಿಗೆಗೆ ಪಡೆಯಿರಿ. ಅಂಥ ಕಡೆಗಳಿಂದ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುವುದು ಹೆಚ್ಚಾಗಿ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ವಿಮಾನ, ಅದು ಬರಲು ಸಮಯ ಹಿಡಿಯುತ್ತದೆ.

ಈಗ ಕಾನೂನು. ಪ್ರತಿ ರಾಜ್ಯದ ನಿಯಮವೂ ಬೇರೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬೆಂಕಿ ಅಪಾಯದ ಋತು ಸಾಮಾನ್ಯವಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತದೆ, ದಿನಾಂಕಗಳು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ. ಆದ್ದರಿಂದ ಜುಲೈನಲ್ಲಿ ನಿಮಗೆ ಆ ನಿರ್ಬಂಧದ ಬಿಗಿ ಇರುವುದಿಲ್ಲ. ಮುಂದೆ ಎಂದಾದರೂ ಬೇಸಿಗೆಯಲ್ಲಿ ಹೋದರೆ, ರಾಜ್ಯದ ಅಗ್ನಿಶಾಮಕ ಸಂಸ್ಥೆಯಾದ ಕಂಟ್ರಿ ಫೈರ್ ಸರ್ವಿಸ್ ‘ಟೋಟಲ್ ಫೈರ್ ಬ್ಯಾನ್’ ಘೋಷಿಸಿದೆಯೇ ಎಂದು ಪ್ರತಿದಿನವೂ ನೋಡಿಕೊಳ್ಳಬೇಕು. ಆ ದಿನ ಸೌದೆಯ ಬೆಂಕಿ ಪೂರ್ತಿ ನಿಷಿದ್ಧ, ಬಯಲಿನಲ್ಲಿ ಗ್ಯಾಸ್ ಒಲೆ ಹಚ್ಚುವುದಕ್ಕೂ ನಿರ್ಬಂಧವಿರುತ್ತದೆ. ಬೇಯಿಸದೆ ತಿನ್ನುವಂಥದ್ದು ಗಾಡಿಯಲ್ಲಿರಬೇಕು. ರಸ್ತೆಬದಿಯ ಅರ್ಧಚಂದ್ರಾಕಾರದ ಫಲಕಗಳು ತೋರಿಸುವ ಅಪಾಯದ ಮಟ್ಟಗಳು 2022ರ ಸೆಪ್ಟೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ಆಗಿವೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್.

ಋತು ಅನುಕೂಲವಾಗಿದೆ ಎಂದಮಾತ್ರಕ್ಕೆ ಎಲ್ಲಿ ಬೇಕಾದರೂ ಬೆಂಕಿ ಹಾಕುವಂತಿಲ್ಲ, ಏಕೆಂದರೆ ಅಲ್ಲಿ ಒಡೆಯರಿಲ್ಲದ ಜಾಗ ಎಂಬುದು ಇಲ್ಲವೇ ಇಲ್ಲ. ಬೇಲಿ ಕಾಣದ ಬಯಲು ಕೂಡ ಯಾವುದೋ ದನ ಸಾಕುವವರ ಸ್ಟೇಷನ್ ಆಗಿರುತ್ತದೆ, ರಾಷ್ಟ್ರೀಯ ಉದ್ಯಾನವಾಗಿರುತ್ತದೆ, ಇಲ್ಲವೇ ಮೂಲನಿವಾಸಿಗಳ ಭೂಮಿಯಾಗಿರುತ್ತದೆ. ಸ್ಟೇಷನ್ನಿನಲ್ಲಿ ತಂಗುವ ಮುನ್ನ ಮನೆಯವರನ್ನು ಕೇಳಬೇಕು; ದನಗಳು ನೀರು ಕುಡಿಯುವ ತೊಟ್ಟಿಯ ಹತ್ತಿರವಂತೂ ಡೇರೆಯನ್ನೂ ಹಾಕಬಾರದು, ಬೆಂಕಿಯನ್ನೂ ಹಾಕಬಾರದು, ಮನುಷ್ಯರಿದ್ದರೆ ದನಗಳು ಬೆದರಿ ನೀರಿಗೆ ಬರುವುದಿಲ್ಲ. ನೀವು ಹೋಗಲಿರುವ ಇಕಾರಾ-ಫ್ಲಿಂಡರ್ಸ್ ರೇಂಜಸ್ ಉದ್ಯಾನವನ್ನು ಅಡ್ನ್ಯಾಮತನ್ಹಾ ಎಂಬ ಮೂಲನಿವಾಸಿ ಜನರು ಸರ್ಕಾರದೊಂದಿಗೆ ಸೇರಿ ನೋಡಿಕೊಳ್ಳುತ್ತಾರೆ. ಅಲ್ಲಿ ನೆಲಕ್ಕೆ ಬಿದ್ದ ಒಣಕಡ್ಡಿಯನ್ನೂ ಸೌದೆಗೆಂದು ಆರಿಸುವಂತಿಲ್ಲ.

ಇದು ಅತಿಯಾಯಿತೆಂದು ಅನೇಕರು ಗೊಣಗುತ್ತಾರೆ, ನನಗೆ ಹಾಗೆನಿಸುವುದಿಲ್ಲ. ಆ ಒಣಭೂಮಿಯ ಮಲ್ಗಾ ಮರ ಬಹಳ ನಿಧಾನವಾಗಿ ಬೆಳೆಯುತ್ತದೆ, ಸತ್ತ ಮೇಲೂ ಎಷ್ಟೋ ವರ್ಷ ಕೊಳೆಯದೆ ನಿಲ್ಲುತ್ತದೆ. ಅದರ ಟೊಳ್ಳಿನಲ್ಲಿ ಹಲ್ಲಿ, ಹಾವು, ಬಾವಲಿ, ಪುಟ್ಟ ಹೊಟ್ಟೆಚೀಲದ ಪ್ರಾಣಿಗಳು ಬಿಸಿಲು ತಪ್ಪಿಸಿಕೊಂಡು ಬದುಕುತ್ತವೆ. ಮಲ್ಗಾದ ಕೆಂಡ ಗಟ್ಟಿಯಾದದ್ದು, ಬಹಳ ಹೊತ್ತು ಉಳಿಯುವಂಥದ್ದು, ಅದಕ್ಕೇ ಎಲ್ಲರೂ ಅದರ ಮೇಲೆ ಕೈಹಾಕಿ ಜನಪ್ರಿಯ ತಂಗುದಾಣಗಳ ಸುತ್ತಮುತ್ತ ಒಂದು ಚಕ್ಕೆಯೂ ಉಳಿದಿಲ್ಲ. ಸೌದೆಯನ್ನು ಊರಿನ ಪೆಟ್ರೋಲ್ ಬಂಕ್‌ನಲ್ಲಿ ಮೂಟೆಯಾಗಿ ಕೊಂಡುಕೊಳ್ಳಿ. ಊಡ್ನಡಾಟಾ ಟ್ರ್ಯಾಕ್‌ನ ಉದ್ದಕ್ಕೂ, 1980ರಲ್ಲಿ ಮುಚ್ಚಿದ ಹಳೆಯ ಘಾನ್ ರೈಲುಮಾರ್ಗದ ಸ್ಲೀಪರ್‌ಗಳು, ಅಂದರೆ ಹಳಿಗಳ ಅಡಿಯ ಮರದ ದಿಮ್ಮಿಗಳು, ಕಣ್ಣಿಗೆ ಬೀಳುತ್ತವೆ. ಅವು ಇತಿಹಾಸದ ಗುರುತುಗಳು, ಸೌದೆಯಲ್ಲ. ಹಸಿರು ಛಾಯೆಯ ಸಂಸ್ಕರಿಸಿದ ಮರದ ತುಂಡುಗಳಲ್ಲಿ ಆರ್ಸೆನಿಕ್ ಇರುತ್ತದೆ, ಅವುಗಳ ಹೊಗೆಯೂ ಬೂದಿಯೂ ವಿಷ.

ಜಾಗ ಆರಿಸುವಾಗ ಹಿಂದೆ ಯಾರೋ ಬೆಂಕಿ ಹಾಕಿದ ಕಲೆಯಿದ್ದರೆ ಅಲ್ಲಿಯೇ ಹಾಕಿ, ಹೊಸ ಕಲೆ ಮಾಡಬೇಡಿ. ಸುತ್ತ ನಾಲ್ಕು ಮೀಟರ್ ಹುಲ್ಲು, ತರಗೆಲೆ ಇರಬಾರದು. 30 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಉರಿಸಿದರೆ ಗಾಳಿಗೆ ಕಿಡಿ ಹಾರುವುದು ಕಡಿಮೆ. ಹೊಳೆಯ ಪಾತ್ರದಿಂದ ತಂದ ಕಲ್ಲುಗಳನ್ನು ಸುತ್ತಲೂ ಇಡಬೇಡಿ, ಒಳಗಿನ ತೇವ ಕಾದು ಅವು ಸಿಡಿಯಬಹುದು. ಒಣಹೊಳೆಯ ದಡದ ರೆಡ್ ಗಮ್ ಮರದಡಿ ನೆರಳಿದೆಯೆಂದು ತಂಗುವವರಿದ್ದಾರೆ. ಗಾಳಿಯೇ ಇಲ್ಲದಾಗಲೂ ಆ ಮರ ದೊಡ್ಡ ಕೊಂಬೆಗಳನ್ನು ಕೆಡವುತ್ತದೆ, ಬುಡದಲ್ಲಿ ಹಾಕಿದ ಬೆಂಕಿ ಟೊಳ್ಳು ಕಾಂಡದೊಳಗೆ ಸೇರಿದರೆ ಆರಿಸುವುದು ಬಹಳ ಕಷ್ಟ.

ಮರುಭೂಮಿಯಲ್ಲಿ ಉರಿಯಲು ಏನಿದೆ ಎಂದು ನೀವು ಕೇಳಬಹುದು. ಅಲ್ಲಿ ಬೆಂಕಿಯ ಭಯ ಬರಗಾಲದ ವರ್ಷಕ್ಕಿಂತ, ಒಳ್ಳೆಯ ಮಳೆಯಾದ ನಂತರದ ವರ್ಷಕ್ಕೆ ಹೆಚ್ಚು. 2010 ಮತ್ತು 2011ರ ಭಾರೀ ಮಳೆಗೆ ಬೆಳೆದ ಹುಲ್ಲು ಒಣಗಿ, 2011ರಲ್ಲಿ ಮಧ್ಯ ಆಸ್ಟ್ರೇಲಿಯಾದ ವಿಶಾಲ ಪ್ರದೇಶಗಳು ಸುಟ್ಟುಹೋದವು. ಸ್ಪಿನಿಫೆಕ್ಸ್ ಹುಲ್ಲಿನಲ್ಲಿ ರಾಳವಿರುವುದರಿಂದ ಅದು ಹಸಿಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಅದು ಗಾಡಿಯ ಅಡಿಯಲ್ಲಿ, ಎಕ್ಸಾಸ್ಟ್ ಕೊಳವೆಯ ಸುತ್ತ ಸಿಕ್ಕಿಕೊಂಡು ಗಾಡಿಗಳೇ ಸುಟ್ಟುಹೋದದ್ದುಂಟು. ಹುಲ್ಲಿನ ಹಾದಿಗೆ ಇಳಿದಿದ್ದರೆ ಆಗಾಗ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ.

ಇನ್ನು ನೆರೆಯವರ ವಿಷಯ. ಅಷ್ಟೊಂದು ಬಯಲಿರುವಾಗ ಇನ್ನೊಬ್ಬರ ಪಕ್ಕಕ್ಕೇ ಬಂದು ಡೇರೆ ಹಾಕುವುದನ್ನು ಇಲ್ಲಿನವರು ಒರಟುತನವೆಂದೇ ಎಣಿಸುತ್ತಾರೆ. ಗಾಳಿ ಯಾವ ಕಡೆಗಿದೆಯೆಂದು ನೋಡಿ, ನಿಮ್ಮ ಹೊಗೆ ಅವರ ಡೇರೆಗೆ ಹೋಗದಂತೆ ದೂರ ನಿಲ್ಲಿ. ದೂರದಿಂದ ಕೈಬೀಸಿ ಮಾತನಾಡಿಸಬಹುದು, ಕರೆಯದೆ ಅವರ ಬೆಂಕಿಯ ಮುಂದೆ ಕೂರಬಾರದು. ಕರೆದರೆ ನಿಮ್ಮ ಕುರ್ಚಿ, ನಿಮ್ಮ ಪಾನೀಯ, ಒಂದೆರಡು ಕೊರಡು ಸೌದೆ ಹಿಡಿದುಕೊಂಡು ಹೋಗಿ. ಅವರ ಬೆಂಕಿಯನ್ನು ನೀವು ಕೆದಕಬೇಡಿ, ಅದು ಹಾಕಿದವರ ಹಕ್ಕು. ಅಂತ್ಯಾಕ್ಷರಿ ಆಡುವ ಮನಸ್ಸಾದರೆ ಬೇಗ ಮುಗಿಸಿ, ಆ ನಿಶ್ಶಬ್ದದಲ್ಲಿ ಧ್ವನಿ ಬಹಳ ದೂರ ಹೋಗುತ್ತದೆ.

ಕಸವನ್ನು ಬೆಂಕಿಗೆ ಹಾಕುವುದು ಎಲ್ಲಕ್ಕಿಂತ ಹೆಚ್ಚು ಬೈಸಿಕೊಳ್ಳುವ ಕೆಲಸ. ಕ್ಯಾನ್, ಬಾಟಲಿ, ಹಾಲಿನ ಪ್ಯಾಕಿನ ಒಳಗಿನ ಅಲ್ಯೂಮಿನಿಯಂ ಹಾಳೆ ಯಾವುದೂ ಪೂರ್ತಿ ಉರಿಯದೆ ಬೂದಿಯಲ್ಲಿ ಚೂಪಾಗಿ ಉಳಿಯುತ್ತವೆ, ಖಾಲಿಯಾದ ಗ್ಯಾಸ್ ಡಬ್ಬಿ ಸಿಡಿಯುತ್ತದೆ. ಎಲ್ಲವನ್ನೂ ಚೀಲಕ್ಕೆ ಕಟ್ಟಿಕೊಂಡು ಮುಂದಿನ ಊರಿಗೆ ಒಯ್ಯಿರಿ. ಅಡುಗೆಯನ್ನು ಗ್ಯಾಸ್ ಒಲೆಯಲ್ಲಿಯೇ ಇಟ್ಟುಕೊಳ್ಳಿ, ಅನ್ನ ಸಾರಿಗೆ ಕೆಂಡದ ಉರಿ ಹದಕ್ಕೆ ಸಿಗುವುದಿಲ್ಲ. ಕೆಂಡದಲ್ಲಿ ಏನಾದರೂ ಮಾಡಲೇಬೇಕೆಂದರೆ ಆಲೂಗಡ್ಡೆ ಸುಡಿ, ಮಕ್ಕಳಿಗೆ ಅಷ್ಟೇ ಸಾಕು.