ಕೆಲಸ ಬಿಡಬೇಡಿ, ಹದಿನಾಲ್ಕನೇ ಅಧ್ಯಾಯವನ್ನೂ ಬಿಡಬೇಡಿ

(ಪತ್ರದ ಸಾರ: ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮೊದಲ ಕಾದಂಬರಿ ಶುರುಮಾಡಿ ಎರಡು ವರ್ಷ. ಹದಿಮೂರು ಅಧ್ಯಾಯ ಮುಗಿದು ಹದಿನಾಲ್ಕರಲ್ಲಿ ಐದು ತಿಂಗಳಿಂದ ನಿಂತಿದೆ. ಮೂರು ಅಧ್ಯಾಯ ಕಳಿಸಿದ್ದಕ್ಕೆ ಪ್ರಕಾಶಕರಿಂದ ಎರಡು ಸಾಲಿನ ನಿರಾಕರಣೆ ಬಂದಿದೆ. "ರಾಜೀನಾಮೆ ಕೊಟ್ಟು ಬರೆಯಲೇ, ಇಲ್ಲಾ ಬರೆಯುವುದನ್ನೇ ಬಿಡಲೇ?")

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಜೊತೆಗಿಟ್ಟಿದ್ದ ಮೂರು ಅಧ್ಯಾಯ ಓದದೆ ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಈಗ ಎರಡು ಸಲ ಓದಿದ್ದೇನೆ.

ರಾಜೀನಾಮೆ ಕೊಡಬೇಡಿ. ಮೊದಲ ಕಾದಂಬರಿಯಿಂದ ಮನೆ ನಡೆಸಿದವರು ತೀರಾ ಅಪರೂಪ. ರಾಯಲ್ಟಿ ಬರುವುದು ಪುಸ್ತಕ ಅಚ್ಚಾಗಿ, ಮಾರಾಟವಾಗಿ, ಲೆಕ್ಕ ಮುಗಿದ ಮೇಲೆ. ಅಲ್ಲಿಯವರೆಗಿನ ಖರ್ಚಿನ ಭಾರವನ್ನೆಲ್ಲ ಕಾದಂಬರಿಯ ತಲೆಗೆ ಕಟ್ಟಿದರೆ ಅದು ಅವಸರಕ್ಕೆ ಬೀಳುತ್ತದೆ. ಸಂಬಳ ಬರುತ್ತಿರುವಷ್ಟು ದಿನ ಒಂದು ಕೆಟ್ಟ ಅಧ್ಯಾಯವನ್ನು ಹರಿದು ಹಾಕುವ ಧೈರ್ಯವಾದರೂ ಇರುತ್ತದೆ.

ನಿಮಗೆ ಸಮಯವಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತದೆ ಎಂದು ನೀವೇ ಬರೆದಿದ್ದೀರಿ. ಆ ಗಂಟೆಯಲ್ಲಿ 300 ಪದ, ವಾರಕ್ಕೆ ಐದು ದಿನ ಎಂದಿಟ್ಟುಕೊಂಡರೂ 60,000 ಪದಗಳ ಕಾದಂಬರಿಗೆ 40 ವಾರ ಸಾಕು. ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತೊಡಕಿರುವುದು ಪತ್ರದ ಇನ್ನೊಂದು ಸಾಲಿನಲ್ಲಿ: "ದಿನಾ ಮೊದಲ ಅಧ್ಯಾಯದಿಂದ ಓದಿಕೊಂಡು, ತಿದ್ದಿಕೊಂಡು ಬರುತ್ತೇನೆ. ಐದನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಕೂರುತ್ತದೆ." ಐದು ತಿಂಗಳು ಹೋಗಿರುವುದು ಅಲ್ಲಿಗೇ. ನೌಕರಿ ಮಾಡುತ್ತಾ ಬರೆಯುವವರಿಗೆ ಗಂಟೆಗಳ ಕೊರತೆಗಿಂತ ದೊಡ್ಡ ಕಷ್ಟ ಎಳೆ ಕಡಿಯುವುದು. ಎಂಟು ಗಂಟೆ ಬೇರೆಯವರ ಅಂಕಿ-ಅಂಶದಲ್ಲಿ ಮುಳುಗಿ ಬಂದ ತಲೆ, ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನು ಮರೆತಿರುತ್ತದೆ. ಆಗ ಮೊದಲಿಂದ ಓದುವುದೊಂದೇ ದಾರಿ ಅನ್ನಿಸುತ್ತದೆ.

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಇಂಗ್ಲೆಂಡಿನ ಅಂಚೆ ಇಲಾಖೆ ಸೇರಿದ್ದು 1834ರಲ್ಲಿ, ಬಿಟ್ಟಿದ್ದು 1867ರಲ್ಲಿ. ಸೇರಿ ಹದಿಮೂರು ವರ್ಷದ ಮೇಲೆ ಮೊದಲ ಕಾದಂಬರಿ ಬಂತು. ಅದು ಮಾರಾಟವಾಗಲಿಲ್ಲ. ಮುಂದೆ ಬೆಳಗ್ಗೆ ಐದೂವರೆಗೇ ಮೇಜಿಗೆ ಬಂದು, ಗಡಿಯಾರ ಎದುರಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುವುದನ್ನು ರೂಢಿಸಿಕೊಂಡರು. ಎಲ್ಲರೂ ಹೇಳುವುದು ಈ 250ರ ವಿಷಯವನ್ನು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದಕ್ಕೆ ಮುಂಚಿನ ಅರ್ಧ ಗಂಟೆ. ಹಿಂದಿನ ದಿನ ಬರೆದದ್ದನ್ನು, ಅಷ್ಟನ್ನು ಮಾತ್ರ, ಅವರು ಓದಿಕೊಳ್ಳುತ್ತಿದ್ದರು.

ನೀವೂ ಹಾಗೇ ಮಾಡಿ. ಹದಿಮೂರೂ ಅಧ್ಯಾಯಗಳನ್ನು ಬೇರೆ ಕಡತಕ್ಕೆ ಹಾಕಿ ಮುಚ್ಚಿಡಿ. ಬರೆಯುವುದನ್ನು ದಿನಾ ವಾಕ್ಯದ ನಡುವೆಯೇ ನಿಲ್ಲಿಸಿ, ಕೆಳಗೆ ಒಂದು ಸಾಲು ಗುರುತು ಹಾಕಿ: ನಾಳೆ ಇವಳು ಏನು ಹೇಳುತ್ತಾಳೆ, ಯಾರು ಬಾಗಿಲು ತಟ್ಟುತ್ತಾರೆ. ವರ್ಷದ ಲೆಕ್ಕ ಮುಗಿಸುವ ತಿಂಗಳಲ್ಲಿ ಅದೂ ಆಗದಿದ್ದರೆ ಕೊನೆಯ ಪುಟವೊಂದನ್ನು ಓದಿ ಮಲಗಿ. ನಾನೂ ನೌಕರಿಯಲ್ಲಿದ್ದಾಗ ಮೊದಲ ಕಾದಂಬರಿಯನ್ನು ಹೀಗೇ ಮುಗಿಸಿದ್ದು. ವಾರಗಟ್ಟಲೆ ಒಂದು ಪದವೂ ಸೇರದ ದಿನಗಳಿದ್ದವು, ಆದರೆ ಪಾತ್ರಗಳು ದೂರವಾಗಲಿಲ್ಲ.

ಇನ್ನು ಆ ಎರಡು ಸಾಲಿನ ಉತ್ತರ. ಅದು ನಿಮ್ಮ ಬರವಣಿಗೆಯ ಮೇಲಿನ ತೀರ್ಪಲ್ಲ. ಹೊಸಬರ ಮೂರು ಅಧ್ಯಾಯ ಕೈಯಲ್ಲಿ ಹಿಡಿದ ಪ್ರಕಾಶಕರಿಗೆ ಕಾದಂಬರಿ ಮುಗಿಯುತ್ತದೆಂಬ ಭರವಸೆ ಎಲ್ಲಿಂದ ಬರಬೇಕು? ಪೂರ್ತಿ ಮುಗಿಸಿ, ಒಂದು ತಿಂಗಳು ಮುಟ್ಟದೆ ಇಟ್ಟು, ತಿದ್ದಿ, ಆಮೇಲೆ ಕಳಿಸಿ.

ನೌಕರಿ ನಿಮ್ಮ ಬರವಣಿಗೆಯನ್ನು ತಿನ್ನುತ್ತಿದೆ ಎಂದಿದ್ದೀರಿ. ದಣಿಸುತ್ತದೆ, ನಿಜ. ಆದರೆ ನಿಮ್ಮ ಮೊದಲ ಅಧ್ಯಾಯದ ಎರಡು ಪುಟದ ಮಳೆ ಇದೆಯಲ್ಲ, ಅಂಥ ಮಳೆಯನ್ನು ನಾನು ಎಷ್ಟೋ ಹಸ್ತಪ್ರತಿಗಳಲ್ಲಿ ಓದಿದ್ದೇನೆ. ಮೂರನೇ ಅಧ್ಯಾಯದ ಆ ನಿವೃತ್ತ ಗುಮಾಸ್ತರನ್ನು ಎಲ್ಲೂ ಓದಿಲ್ಲ. ಸಂಜೆ ಐದಾಗುತ್ತಲೇ ಮನೆಯಲ್ಲಿ ಕೂತಲ್ಲೇ ಪೆನ್ನಿನ ಕ್ಯಾಪ್ ಹಾಕುತ್ತಾರೆ, ಕನ್ನಡಕ ಒರೆಸುತ್ತಾರೆ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಾರೆ. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತೋಚದೆ ಮತ್ತೆ ಕೂರುತ್ತಾರೆ. ಕಚೇರಿಯಲ್ಲಿ ವರ್ಷಗಟ್ಟಲೆ ಐದು ಗಂಟೆ ಕಾದವರಿಗಲ್ಲದೆ ಇದು ಕಾಣುವುದಿಲ್ಲ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯೊಂದರಲ್ಲಿ ದುಡಿಯುತ್ತಲೇ ಬರೆದವರು. 1979ರ ‘ಶಿಕಾರಿ’ ಕಾದಂಬರಿಯ ನಾಗಪ್ಪನ ಭಯಕ್ಕೆ ಅಷ್ಟು ಬಲ ಬಂದಿದ್ದು, ಅಂಥ ಕಂಪನಿಯ ಒಳಗನ್ನು ಬಲ್ಲವರು ಅದನ್ನು ಬರೆದದ್ದರಿಂದ ಎಂದೇ ನಾನು ನಂಬಿದ್ದೇನೆ.

ಕೊನೆಗೆ ನಿಮ್ಮ ಹದಿನಾಲ್ಕನೇ ಅಧ್ಯಾಯ. ಮಗಳು ಅಪ್ಪನ ಹಳೆಯ ಲೆಡ್ಜರ್ ತೆರೆಯಬೇಕು, ಒಳಗೆ ಏನಿದೆಯೆಂದು ನಿಮಗೇ ತಿಳಿಯದು ಎಂದಿದ್ದೀರಿ. ಆ ಲೆಡ್ಜರಿನಲ್ಲಿ ಒಂದು ಹಾಳೆ ಕಿತ್ತಿದೆ, ಅದರ ಬುಡ ಮಾತ್ರ ಹೊಲಿಗೆಯಲ್ಲಿ ಉಳಿದಿದೆ ಎಂದು ಮೂರನೇ ಅಧ್ಯಾಯದ ಕೊನೆಯ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ. ನೀವು ಮರೆತಿರಬಹುದು. ಆ ಹಾಳೆ ಎಲ್ಲಿ ಹೋಯಿತೆಂದು ನಾನು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ.

ಸಂಪಾದಕ