ಬಿಸಿಲಲ್ಲೂ ಹರಿಯುವ ಮಳೆನೀರು ಚರಂಡಿ

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಮನೆ ಮುಂದೆ ಸ್ಲ್ಯಾಬ್ ಮುಚ್ಚಿದ ಮಳೆನೀರು ಚರಂಡಿ ಇದೆ. ಇಳಿಜಾರಿನಲ್ಲಿ ಸಾಗಿ ಕೆರೆ ಸೇರುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನಗರಸಭೆಯವರು ಹೂಳು ತೆಗೆಸುತ್ತಾರೆ. ಆದರೂ ವಾಸನೆ ಹೋಗಿಲ್ಲ, ಕೆರೆಯ ಮೂಲೆಯಲ್ಲಿ ನೊರೆ ನಿಲ್ಲುತ್ತದೆ. ಕ್ಲೀನ್ ಮಾಡಿದರೂ ಯಾಕೆ ಹೀಗೆ? ಬೀದಿಯವರು ನಾವೇ ಏನಾದರೂ ನೋಡಿಕೊಳ್ಳಬಹುದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಾಲ್ಕು ದಿನ ಮಳೆ ಬೀಳದೆ ಇದ್ದಾಗ, ಬೆಳಿಗ್ಗೆ ಏಳೂವರೆ ಹೊತ್ತಿಗೆ ಚರಂಡಿ ಇಣುಕಿ ನೋಡಿ. ಒಣಗಿದ್ದರೆ ಒಳ್ಳೆಯದು. ಹರಿಯುತ್ತಿದ್ದರೆ ಅದು ಮಳೆನೀರಲ್ಲ ಅಲ್ವಾ? ಯಾರದ್ದೋ ಬಚ್ಚಲಿನದ್ದೋ, ಅಡುಗೆಮನೆಯದ್ದೋ, ಶೌಚಾಲಯದ್ದೋ ಇರಬೇಕು. ಮತ್ತೆ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ. ಬೆಳಿಗ್ಗೆ ಜೋರಾಗಿದ್ದು ಮಧ್ಯಾಹ್ನ ಸಣ್ಣಗಾಗಿದ್ದರೆ ಮನೆಗಳ ನೀರು ಎಂದು ಹೆಚ್ಚುಕಡಿಮೆ ಖಾತ್ರಿ. ಜನ ಸ್ನಾನ ಮಾಡುವ, ಪಾತ್ರೆ ತೊಳೆಯುವ ಹೊತ್ತಿಗೆ ತಕ್ಕಂತೆ ಚರಂಡಿ ಏರಿಳಿಯುತ್ತದೆ.

ನಮ್ಮ ಊರಿನಲ್ಲಿ ಒಂದು ಎಚ್ಚರ ಬೇಕು. ಆಷಾಢದ ಮಳೆ ಹಿಡಿದರೆ ಗುಡ್ಡದ ಬುಡದಲ್ಲಿ ಜಲ ಒಡೆಯುತ್ತದೆ. ಆ ನೀರು ಮಳೆ ನಿಂತು ವಾರಗಟ್ಟಲೆ ಹರಿಯಬಹುದು. ಅದು ತಣ್ಣಗೆ, ತಿಳಿಯಾಗಿ, ಹಗಲು ರಾತ್ರಿ ಒಂದೇ ಸಮ ಇರುತ್ತದೆ. ಅದನ್ನು ಕಂಡು ಪಕ್ಕದ ಮನೆಯವರ ಜೊತೆ ಜಗಳಕ್ಕೆ ಇಳಿಯಬೇಡಿ. ಪರೀಕ್ಷೆಗೆ ಜನವರಿ, ಫೆಬ್ರವರಿ ಸರಿಯಾದ ಕಾಲ.

ಕೊಳೆನೀರಿಗೆ ಬೇರೆ ಗುರುತುಗಳೂ ಇವೆ. ನೀರು ಬೂದು ಬಣ್ಣ, ಗೋಡೆಗೆ ಹತ್ತಿಯಂಥ ಬೂದು ಲೋಳೆ, ಅಲ್ಲಲ್ಲಿ ಅನ್ನದ ಅಗುಳು, ಸೋಪಿನ ನೊರೆ. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎಲ್ಲರೂ ಡೀಸೆಲ್ ಅಂದುಬಿಡುತ್ತಾರೆ. ಕಡ್ಡಿಯಿಂದ ಕಲಕಿ ನೋಡಿ. ಪೊರೆ ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಅಂಶವಿರುವ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಕೆಂಪು ಮಣ್ಣಿನ ಸೀಮೆಯಲ್ಲಿ ಮಾಮೂಲು. ಒಡೆದದ್ದು ಮತ್ತೆ ಕೂಡಿಕೊಂಡರೆ ಎಣ್ಣೆ.

ಇನ್ನು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಕೆರೆಯ ಬಾಯಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ, ಒಂದೊಂದು ಕ್ರಾಸ್‌ನಲ್ಲೂ ನಿಂತು ನೋಡಿ. ಯಾವ ಎರಡು ಕ್ರಾಸ್ ನಡುವೆ ಮೇಲೆ ಒಣಗಿದ್ದು ಕೆಳಗೆ ಕೊಳೆಯಾಗಿದೆಯೋ ಅಲ್ಲೇ ಕೊಳವೆ ಸೇರಿದೆ. ಸ್ಲ್ಯಾಬ್ ಎತ್ತುವ ಕೆಲಸ ಮಾತ್ರ ನಗರಸಭೆಯವರಿಗೆ ಬಿಡಿ. ಮುಚ್ಚಿದ ಚರಂಡಿಯಲ್ಲಿ ವಿಷಗಾಳಿ ನಿಂತಿರುತ್ತದೆ, ತಲೆ ಒಳಗೆ ಹಾಕಬೇಡಿ. ಅನುಮಾನದ ಮನೆಯ ಶೌಚಾಲಯಕ್ಕೆ ಬಣ್ಣದ ನೀರು ಬಿಟ್ಟು ಚರಂಡಿಯಲ್ಲಿ ಕಾಯುವ ಪರೀಕ್ಷೆಯನ್ನೂ ಅವರೇ ಮಾಡಬೇಕು.

ನಾನು ಕೆಲಸದಲ್ಲಿದ್ದಾಗ ಒಂದು ಬೀದಿಯಲ್ಲಿ ಎರಡು ಭಾನುವಾರ ಹೀಗೆ ಅಲೆದಿದ್ದೆ. ಬೀದಿಯೆಲ್ಲ ಒಂದು ಹೋಟೆಲಿನ ಕಡೆ ಬೆರಳು ತೋರಿಸುತ್ತಿತ್ತು. ಕೊನೆಗೆ ನೋಡಿದರೆ ಒಳಚರಂಡಿ ಕಟ್ಟಿಕೊಂಡು, ಮ್ಯಾನ್‌ಹೋಲ್ ಪಕ್ಕದ ಬಿರುಕಿನಿಂದ ಮಳೆನೀರು ಚರಂಡಿಗೆ ಜಿನುಗುತ್ತಿತ್ತು. ಹೋಟೆಲಿನವರು ಅವತ್ತು ಕಾಫಿಗೆ ದುಡ್ಡು ತಗೊಳ್ಳಲಿಲ್ಲ. ಹಾಗಾಗಿ ಯುಜಿಡಿ, ಅಂದರೆ ಒಳಚರಂಡಿಯ ಮ್ಯಾನ್‌ಹೋಲ್‌ಗಳನ್ನೂ ನೋಡಿ. ಒಳಚರಂಡಿ ಉಕ್ಕುವುದಕ್ಕೆ ನಾವೂ ಕಾರಣ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಸುಲಭ ಅಂತ ಯುಜಿಡಿಗೆ ಬಿಡುತ್ತೇವೆ. ಆ ಕೊಳವೆ ಅಷ್ಟು ನೀರಿಗೆ ಮಾಡಿದ್ದಲ್ಲ. ಅದು ತುಂಬಿ ಉಕ್ಕುತ್ತದೆ.

ಮೇ ತಿಂಗಳ ಹೂಳಿನ ವಿಷಯ. ಮೂಲ ಹಾಗೇ ಇದ್ದರೆ ಹೂಳು ತೆಗೆದರೂ ವಾಸನೆ ಹೋಗುವುದಿಲ್ಲ, ಇದು ಒಂದು. ಇನ್ನೊಂದು, ಮೇ ತಡವಾಯಿತು. ಒಣ ದಿನಗಳಲ್ಲಿ ರಸ್ತೆಯ ದೂಳು, ಎಣ್ಣೆ, ಕಸ ಎಲ್ಲ ಕೂಡಿಟ್ಟುಕೊಂಡ ಚರಂಡಿ, ಮೊದಲ ಜೋರು ಮಳೆಯ ಮೊದಲ ನೀರಿನಲ್ಲೇ ಹೆಚ್ಚಿನ ಪಾಲನ್ನು ಕೆರೆಗೆ ತಳ್ಳುತ್ತದೆ. ನಮಗೆ ಆ ಮಳೆ ಬರುವುದು ಜೂನ್‌ನಲ್ಲಲ್ಲ. ಕಾಫಿಗೆ ಹೂಮಳೆ ಬಿತ್ತು ಅಂತ ತೋಟದವರು ಖುಷಿಪಡುವ ಮಾರ್ಚ್, ಏಪ್ರಿಲ್‌ನಲ್ಲೇ ಬಂದುಹೋಗಿರುತ್ತದೆ. ಆದ್ದರಿಂದ ಒಂದು ಸುತ್ತು ಫೆಬ್ರವರಿ ಒಳಗೆ ಆಗಬೇಕು. ಮೇ ಕೊನೆಯಲ್ಲಿ ಇನ್ನೊಂದು, ಮಳೆಯ ಅಬ್ಬರ ಇಳಿದ ಮೇಲೆ ಮತ್ತೊಂದು.

ತೆಗೆದ ಹೂಳನ್ನು ಚರಂಡಿ ದಂಡೆಯಲ್ಲೇ ಗುಡ್ಡೆ ಹಾಕಿ ಹೋಗುವುದು ನನಗೆ ತಡೆಯಲಾಗದ ಸಿಟ್ಟು ತರಿಸುತ್ತದೆ. ಒಂದೇ ಮಳೆಗೆ ಅದು ಮತ್ತೆ ಒಳಗೆ! ನೀರು ಬಸಿಯಲು ಒಂದೆರಡು ದಿನ ಬಿಟ್ಟರೆ ಸಾಕು, ಆಮೇಲೆ ಟ್ರಾಕ್ಟರ್ ಬರಲೇಬೇಕು. ಬರದಿದ್ದರೆ ಫೋಟೊ ತೆಗೆದು, ದಿನಾಂಕ ಬರೆದು, ನಗರಸಭೆಯ ಪರಿಸರ ಎಂಜಿನಿಯರ್‌ಗೆ ಅರ್ಜಿ ಕೊಡಿ. ಬಾಯಿಮಾತಿನ ದೂರಿಗೆ ಆಯಸ್ಸು ಕಡಿಮೆ.

ಬ್ಲೀಚಿಂಗ್ ಪೌಡರ್ ಎರಚುವುದು ಸುಮ್ನೆ ಕಣ್ಣಿಗೆ ಸಮಾಧಾನ. ಕೊಳೆ ಜಾಸ್ತಿ ಇರುವ ಕಡೆ ಅದರ ಶಕ್ತಿ ನಿಮಿಷಗಳಲ್ಲಿ ಮುಗಿಯುತ್ತದೆ. ಶೌಚದ ನೀರು ಸೇರುವ ಚರಂಡಿಗೆ ಪೌರಕಾರ್ಮಿಕರನ್ನು ಇಳಿಸಿ ಕೈಯಲ್ಲಿ ಬಾಚಿಸಲು ಯಾರೂ ಒತ್ತಾಯ ಮಾಡಬಾರದು. ಕೈಯಿಂದ ಮಲ ಬಾಚಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ನೀರು ಚಿಮ್ಮಿಸಿ ಹೂಳು ಬಿಡಿಸುವ ಜೆಟ್ಟಿಂಗ್, ಅದನ್ನು ಹೀರಿಕೊಳ್ಳುವ ಸಕ್ಕಿಂಗ್ ಮಷಿನ್ ಕೇಳಿ.

ಕೆರೆಗೆ ಬೀಳುವ ಜಾಗದಲ್ಲಿ ಕಂಬಿ ಜಾಲರಿ, ಅದರ ಹಿಂದೆ ಹೂಳು ಇಳಿಯಲು ಗುಂಡಿ ಇದ್ದರೆ ಪ್ಲಾಸ್ಟಿಕ್, ಮರಳು ಅಲ್ಲೇ ನಿಲ್ಲುತ್ತವೆ. ಆದರೆ ಜೋರು ಮಳೆ ಆದಾಗಲೆಲ್ಲ ಜಾಲರಿ ತೆಗೆದು ಕ್ಲೀನ್ ಮಾಡಬೇಕು. ಮಾಡದಿದ್ದರೆ ನೀರು ನಿಮ್ಮ ಬೀದಿಗೇ ವಾಪಸ್. ನೀರಿನ ಪರೀಕ್ಷೆ ಮಾಡಿಸುವುದಾದರೆ ಮಾದರಿಯನ್ನು ಕೆರೆಯ ನಡುವಿನಿಂದಷ್ಟೇ ಅಲ್ಲ, ಚರಂಡಿ ಬೀಳುವ ಬಾಯಲ್ಲೂ ತೆಗೆಸಿ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು. ವರದಿ ಬಂದಾಗ ಈ ಎರಡು ಸಾಲು ಮೊದಲು ನೋಡಿ.

ಪ್ರಶ್ನೆ: ಹಾಸನದಲ್ಲಿ ವಾಹನ ತೊಳೆಯುವ ಸಣ್ಣ ಸರ್ವೀಸ್ ಸ್ಟೇಷನ್ ಇಟ್ಟಿದ್ದೇನೆ. ಎಣ್ಣೆ ಹಿಡಿಯಲು ತೊಟ್ಟಿ ಕಟ್ಟಿಸಿದ್ದೇನೆ. ಆದರೂ ಚರಂಡಿಗೆ ಎಣ್ಣೆ ಹೋಗುತ್ತಿದೆ ಎಂದು ಅಕ್ಕಪಕ್ಕದವರ ದೂರು.

ಉತ್ತರ: ತೊಟ್ಟಿ ಕಟ್ಟಿಸಿದ್ದು ಒಳ್ಳೆಯ ಕೆಲಸ. ತಪ್ಪು ಎರಡು ಕಡೆ ಇರಬಹುದು. ಎಣ್ಣೆ ಮೇಲೆ ತೇಲುತ್ತದೆ, ಆದ್ದರಿಂದ ನೀರು ಹೊರಹೋಗುವ ಕೊಳವೆಯ ಬಾಯಿ ತೊಟ್ಟಿಯ ಒಳಗೆ ಕೆಳಮುಖವಾಗಿ ಮುಳುಗಿರಬೇಕು. ಮೇಲ್ಮಟ್ಟದಲ್ಲಿ ತೂತು ಬಿಟ್ಟಿದ್ದರೆ ಮೊದಲು ಹೋಗುವುದೇ ಎಣ್ಣೆ. ಇನ್ನೊಂದು ಶಾಂಪೂ. ಅದು ಎಣ್ಣೆಯನ್ನು ಸಣ್ಣ ಹನಿ ಮಾಡಿ ನೀರಿನಲ್ಲಿ ಬೆರೆಸಿಬಿಡುತ್ತದೆ. ಬೆರೆತದ್ದು ತೇಲುವುದಿಲ್ಲ, ತೊಟ್ಟಿ ದಾಟುತ್ತದೆ. ಎಂಜಿನ್, ಚಾಸಿಗೆ ಅಂಟಿದ ಗ್ರೀಸನ್ನು ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ಶಾಂಪೂ ಹಾಕಿ. ತೊಳೆಯುವ ಜಾಗದ ನೀರನ್ನು ಆದಷ್ಟೂ ಮತ್ತೆ ಬಳಸಿ. ಹೊರಗೆ ಬಿಡುವುದಾದರೆ ಪಾಲಿಕೆಯ ಒಪ್ಪಿಗೆ ಪಡೆದು ಒಳಚರಂಡಿಗೆ ಬಿಡಿ, ಮಳೆನೀರು ಚರಂಡಿಗಲ್ಲ. ತೆಗೆದ ಹಳೆ ಆಯಿಲ್ ಪರವಾನಗಿ ಇರುವವರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಹಾಸನಕ್ಕೆ ಕುಡಿಯುವ ನೀರು ಗೊರೂರಿನ ಹೇಮಾವತಿಯಿಂದ ಬರುತ್ತದೆ. ಮೇಲಿನ ಪ್ರಶ್ನೆಯ ಚಿಕ್ಕಮಗಳೂರಿನ ಕಡೆಯ ಯಗಚಿಯೂ ಬೇಲೂರು ದಾಟಿ ಗೊರೂರಿನ ಹತ್ತಿರ ಅದಕ್ಕೇ ಸೇರುತ್ತದೆ.