ಎಚ್ ಗೇಟ್ ಎರಡು ಸಲ ಹಾಕಿದರೆ ಮತ್ತೆ 0 ಯಾಕೆ ಬರುತ್ತದೆ?

ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ಕ್ಯೂಬಿಟ್ (ಕ್ವಾಂಟಮ್ ಬಿಟ್) ಸ್ಥಿತಿಯನ್ನು ಬದಲಿಸುವ ಕ್ರಿಯೆಗೆ ಗೇಟ್ ಅನ್ನುತ್ತಾರೆ. ನೀವು ಕೇಳಿದ್ದು ಇದು: ಎಚ್ (ಹಡಮಾರ್ಡ್) ಗೇಟ್ ಅಂದರೆ ನಾಣ್ಯ ಚಿಮ್ಮಿದ ಹಾಗೆ. ಎರಡು ಸಲ ಚಿಮ್ಮಿದರೂ ಅರ್ಧಕ್ಕರ್ಧ ಬರಬೇಕಲ್ವಾ? ಜೊತೆಗೆ, ಝಡ್ ಗೇಟ್ 0 ಅನ್ನು 0 ಆಗಿಯೇ ಬಿಡುತ್ತದೆ, ಮತ್ತೆ ಅದು ಯಾಕೆ ಬೇಕು?

ನಾನು ಹಾಸನದಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲ ಸಲ ನಾನೂ ನಾಣ್ಯದ ಹೋಲಿಕೆ ಕೊಟ್ಟು ಸಿಕ್ಕಿಬಿದ್ದಿದ್ದೆ. ಎಡವುವುದು ಅಲ್ಲೇ.

ನಾಣ್ಯದ ಸಂಭವ ಯಾವತ್ತೂ ಮೈನಸ್ ಆಗುವುದಿಲ್ಲ. ಕ್ಯೂಬಿಟ್‌ನ ಆಂಪ್ಲಿಟ್ಯೂಡ್, ಅಂದರೆ ವರ್ಗ ಮಾಡಿದರೆ ಸಂಭವ ಕೊಡುವ ಸಂಖ್ಯೆ, ಮೈನಸ್ ಆಗಬಹುದು. 0 ಮೇಲೆ ಎಚ್ ಹಾಕಿದರೆ 0ಕ್ಕೂ 1ಕ್ಕೂ ತಲಾ 0.707 ಸಿಗುತ್ತದೆ. ವರ್ಗ ಮಾಡಿದರೆ ಅರ್ಧರ್ಧ. 1ರ ಮೇಲೆ ಹಾಕಿದರೆ 0ಕ್ಕೆ 0.707, 1ಕ್ಕೆ ಮೈನಸ್ 0.707. ಈಗ ಎರಡನೇ ಎಚ್ ಹಾಕಿ. 0.707ನ್ನು 0.707ರಿಂದ ಗುಣಿಸಿದರೆ ಅರ್ಧ. 0ರ ಪಾಲಿಗೆ ಅರ್ಧ ಪ್ಲಸ್ ಅರ್ಧ, ಒಟ್ಟು 1. 1ರ ಪಾಲಿಗೆ ಅರ್ಧ ಮೈನಸ್ ಅರ್ಧ. ಹೊಡೆದುಹೋಯಿತು.

ಲೆಕ್ಕ ಬೇಜಾರಾದರೆ ಬೇಲೂರಿಗೆ ಬನ್ನಿ. ದೇವಸ್ಥಾನದ ಒಳಗಿನ ನರಸಿಂಹ ಕಂಬ ಒಂದು ಕಾಲದಲ್ಲಿ ತಿರುಗುತ್ತಿತ್ತಂತೆ. ಈಗಲೂ ತಿರುಗುತ್ತದೆ ಅಂತ ಸುಮ್ನೆ ಅಂದುಕೊಳ್ಳಿ. ಕಂಬವೇ ನಮ್ಮ ಕ್ಯೂಬಿಟ್. ಕಂಬದ ತುದಿ 0, ಬುಡ 1. ಪೂರ್ವ ಅಂದರೆ ಎರಡಕ್ಕೂ ಪ್ಲಸ್ 0.707, ಪಶ್ಚಿಮ ಅಂದರೆ 1ಕ್ಕೆ ಮೈನಸ್ 0.707. ಝಡ್ ಅಂದರೆ ಕಂಬವನ್ನು ನಿಂತಲ್ಲೇ ಅರ್ಧ ಸುತ್ತು ತಿರುಗಿಸುವುದು. ತುದಿ ತುದಿಯಾಗೇ ಇರುತ್ತದೆ, ಅದಕ್ಕೇ ನಿಮಗೆ ಏನೂ ಆಗಲಿಲ್ಲ ಅನ್ನಿಸಿದ್ದು. ಆದರೆ ಪೂರ್ವಕ್ಕಿದ್ದ ಕೆತ್ತನೆ ಪಶ್ಚಿಮಕ್ಕೆ ಹೋಗಿರುತ್ತದೆ. ಎಸ್ ಗೇಟ್ ಕಾಲು ಸುತ್ತು, ಟಿ ಅದರಲ್ಲೂ ಅರ್ಧ, 45 ಡಿಗ್ರಿ. ಎಕ್ಸ್ ತುದಿ-ಬುಡ ಅದಲುಬದಲು ಮಾಡುತ್ತದೆ, ನಮ್ಮ ಹಳೇ ನಾಟ್ ಗೇಟ್.

ಎಚ್ ಸ್ವಲ್ಪ ತರಲೆ. ಅದು ತುದಿಗೂ ಪೂರ್ವಕ್ಕೂ ನಡುವಿನ ಓರೆ ಅಕ್ಷದ ಮೇಲೆ ಅರ್ಧ ಸುತ್ತುತ್ತದೆ. ತುದಿ ಪೂರ್ವಕ್ಕೆ ಬರುತ್ತದೆ, ಪೂರ್ವ ತುದಿಗೆ, ಪಶ್ಚಿಮ ಬುಡಕ್ಕೆ. ಎರಡು ಸಲ ಹಾಕಿದರೆ ಪೂರ್ತಿ ಸುತ್ತು, ಅಂದರೆ ಹೊರಟಲ್ಲಿಗೇ.

ಈಗ ಎಚ್, ಝಡ್, ಎಚ್ ಸಾಲಾಗಿ ಹಾಕಿ. ತುದಿಯಿಂದ ಪೂರ್ವ, ಪೂರ್ವದಿಂದ ಪಶ್ಚಿಮ, ಪಶ್ಚಿಮದಿಂದ ಬುಡ. ಪ್ರತಿ ಸಲವೂ 1. ಏನೂ ಮಾಡದ ಝಡ್ ಇಲ್ಲಿ ಎಕ್ಸ್ ಕೆಲಸ ಮಾಡಿತು ನೋಡಿ.

ಸಾಮಾನ್ಯ ಕಂಪ್ಯೂಟರ್‌ನಲ್ಲೇ ಕ್ಯೂಬಿಟ್ ನಕಲು ಮಾಡುವ ಸಿಮ್ಯುಲೇಟರ್‌ನಲ್ಲಿ ಹಾಕಿ ನೋಡಿ. ಮೊದಲ ಎಚ್ ಆದ ಮೇಲೆ ನಡುವೆ ಅಳೆಯಬೇಡಿ. ಅಳೆದರೆ 0 ಅಥವಾ 1 ಒಂದೇ ಉಳಿಯುತ್ತದೆ, ಪ್ಲಸ್ ಮೈನಸ್ ಹೊಡೆದುಹೋಗುವುದಿಲ್ಲ, ಆಗ ಮಾತ್ರ ನಿಮ್ಮ ನಾಣ್ಯದ ಲೆಕ್ಕವೇ ಸರಿ.